ಬೂದು ಬಳಿದ ಅಂಗಡಿ

“ಈ ರಸ್ತೆ ಸಾಯ್ತಾ ಇದೆ ಅಂತ ನಾನು ಹೇಳೋದಿಲ್ಲ,” ಎಂದರು ಕಡ್ಡಿ ಮೇಷ್ಟ್ರು. “ಸತ್ತು ಬಹಳ ಕಾಲ ಆಯ್ತು. ನೀವೆಲ್ಲ ಸೇರಿ ಹೆಣಕ್ಕೆ ಗಾಳಿ ಬೀಸ್ತಾ ಕೂತಿದ್ದೀರಿ, ಅಷ್ಟೇ.”

ಹಾಗಂದು ಒಂದು ಗುಟುಕು ನೀರು ಕುಡಿದರು. ನೀರು ಕುಡಿಯುವುದರಲ್ಲೂ ಒಂದು ಪಾಂಡಿತ್ಯ.

ಮೂರನೇ ಸಾಲಿನಲ್ಲಿ ಕೂತಿದ್ದ ಹೊಗೆಯಕ್ಕ ಆ ಗುಟುಕು ಅವರ ಗಂಟಲಲ್ಲಿ ಇಳಿಯುವುದನ್ನೇ ನೋಡಿದಳು. ಒಂದು ಗೂಡಂಗಡಿ ಕಟ್ಟಿ ಗೊತ್ತಿಲ್ಲದವರು ಊರು ಕಟ್ಟುವ ಬುದ್ಧಿ ಹೇಳಲು ಬರುತ್ತಾರೆ, ಅದೂ ಹೋಗಿ ಬರುವ ಖರ್ಚು ಕೊಟ್ಟರೆ ಮಾತ್ರ, ಎಂದುಕೊಂಡಳು.

ಮೇಷ್ಟ್ರಿಗೆ ಆ ಅಡ್ಡಹೆಸರು ಇಟ್ಟದ್ದು ದೊಡ್ಡರಸ್ತೆಯ ಅಂಗಡಿಯವರು. ಮುದಿ ಬಿದ್ದ ಪೇಟೆಗಳಿಗೆ ಮತ್ತೆ ಹರೆಯ ತರುವ ತಜ್ಞರಂತೆ. ಪುರಸಭೆ ದೂರದಿಂದ ಕರೆಸಿತ್ತು. ಬಂದ ದಿನದಿಂದ ಕೈಯಲ್ಲೊಂದು ತೆಳ್ಳನೆಯ ಕಡ್ಡಿ. ಅದರ ತುದಿ ಯಾವ ಅಂಗಡಿಯ ಕಡೆ ತಿರುಗಿದರೆ ಆ ಅಂಗಡಿಯವನ ಎದೆ ಧಸಕ್ಕೆನ್ನಬೇಕು.

ಸಭೆ ಕೂತದ್ದು ಮುಚ್ಚಿಹೋದ ಚಿತ್ರಮಂದಿರದ ಹಜಾರದಲ್ಲಿ. ಟಿಕೆಟ್ ಕೊಡುತ್ತಿದ್ದ ಕಿಂಡಿಯ ಮುಂದೆ ಮೇಜುಗಳನ್ನು ಕೂಡಿಸಿ, ಇಡೀ ದೊಡ್ಡರಸ್ತೆಯನ್ನು ರಟ್ಟಿನಲ್ಲಿ ಮಾಡಿ ಮಲಗಿಸಿದ್ದರು. ಬೆಂಕಿಪೊಟ್ಟಣದಷ್ಟು ಅಂಗಡಿಗಳು, ಸ್ಪಂಜಿನ ಮರಗಳು, ಮರದ ಕೆಳಗೆ ಸಾಸಿವೆಯಷ್ಟು ಗಾತ್ರದ ಸುಖೀ ಜನ. ಅಜ್ಜಿ ಕಥೆಯ ಮಂತ್ರವಾದಿ ಊರಿಗೆ ಊರನ್ನೇ ಕುಗ್ಗಿಸಿ ಚೀಲದಲ್ಲಿ ಹಾಕಿಕೊಂಡು ಹೋಗುತ್ತಾನಲ್ಲ, ಥೇಟ್ ಹಾಗೆ. ಜೀವ ಇರುವ ಅಂಗಡಿಗೆ ಹಳದಿ ಬಣ್ಣ, ಜೀವ ಹೋದದ್ದಕ್ಕೆ ಬೂದು.

ಆ ಬೂದು ಬಣ್ಣದ ಅಂಗಡಿಗಳಲ್ಲಿ ಒಂದು, ಮೊನ್ನೆ ನಡುಮಧ್ಯಾಹ್ನ ತನ್ನ ಯಜಮಾನ ಮಂಚದಜ್ಜನನ್ನು ಒಳಗಿಟ್ಟುಕೊಂಡೇ ಸುಟ್ಟುಹೋದ ಮಂಚದ ಅಂಗಡಿ.

ಬೆಂಕಿ ಇಟ್ಟವನೆಂದು ಅಜ್ಜನ ಅಳಿಯ ಲಾಕಪ್ಪಿನಲ್ಲಿದ್ದ. ಅವನನ್ನು ಬಿಡಿಸಿಕೊಡಿ ಎಂದು ಹೊಗೆಯಕ್ಕನ ಕೈ ಹಿಡಿದವಳು ಅಜ್ಜನ ಒಬ್ಬಳೇ ಮಗಳು. ಈಗ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ತಂದೆಯನ್ನು ಮಣ್ಣಿಗೆ ಕೊಟ್ಟು, ಗಂಡನನ್ನು ಪೊಲೀಸರಿಗೆ ಕೊಟ್ಟು, ಇನ್ನು ಕೊಡಲಿಕ್ಕೇನೂ ಇಲ್ಲ ಎಂಬ ಹಾಗೆ ಬರಿಗೈಗಳನ್ನು ಮಡಿಲಲ್ಲಿಟ್ಟುಕೊಂಡು.

“ಅಂಗಡಿಗಳನ್ನ ಹಗ್ಗ ಎಳೆದ ಹಾಗೆ ಉದ್ದಕ್ಕೆ ಎಳೆದುಬಿಟ್ಟಿದ್ದೀರಿ,” ಎಂದು ಮೇಷ್ಟ್ರು ಮುಂದುವರಿಸಿದರು. “ಇಷ್ಟುದ್ದ ರಸ್ತೆಗೆ ಆಗುವಷ್ಟು ಗಿರಾಕಿ ಈ ಭೂಮಿ ಮೇಲೇ ಇಲ್ಲ. ಅಲ್ಲಲ್ಲಿ ಗಂಟು ಹಾಕಿ. ವ್ಯಾಪಾರ ಗಂಟುಗಳಲ್ಲಿರಲಿ. ನಡುವೆ ಮನೆಗಳು ಬರಲಿ, ಜನ ಬರಲಿ, ನೆರಳು ಬರಲಿ.”

ಮಾತು ತಪ್ಪೇನಲ್ಲ ಎನಿಸಿತು ಹೊಗೆಯಕ್ಕನಿಗೆ. ಅದಕ್ಕೇ ಇನ್ನಷ್ಟು ಮೈ ಉರಿಯಿತು. ಪೂರ್ತಿ ದಡ್ಡನನ್ನು ಸಹಿಸಬಹುದು. ಅರ್ಧ ಸರಿ ಹೇಳುವವನನ್ನು ಸಹಿಸುವುದು ಕಷ್ಟ.

ಹಿಂದಿನ ಸಾಲಿನಿಂದ ಟೈರಂಗಡಿಯವನು ಗೊಣಗಿದ. ಗಂಟು ಹಾಕೋದು ಇವರು, ಕುತ್ತಿಗೆ ನಮ್ಮದು ಎಂದ. ಅವನ ಸುತ್ತ ಕೂತವರು ಕಿಸಕ್ಕೆಂದರು.

ಮೇಷ್ಟ್ರು ನಗುವಿಗೆ ಸೊಪ್ಪು ಹಾಕಲಿಲ್ಲ. ಕಡ್ಡಿಯನ್ನು ಸರಿಯಾಗಿ ಮಂಚದ ಅಂಗಡಿಯ ಮೇಲೆ ತಂದು ನಿಲ್ಲಿಸಿದರು. ಜನಕ್ಕೆ ನಂಬಿಕೆ ಬರಬೇಕಾದರೆ ಮೊದಲ ಕೆಲಸ ಕಣ್ಣಿಗೆ ಕಾಣುವಂಥದ್ದಾಗಿರಬೇಕು, ಬೇಗ ಆಗಬೇಕು ಎಂದರು. ಸುಟ್ಟ ಕಟ್ಟಡ ಹೇಗೂ ನಿಲ್ಲುವುದಿಲ್ಲ; ನಾಳೆ ಬೆಳಿಗ್ಗೆಯೇ ಅದನ್ನು ಗುಡಿಸಿ, ನಾಲ್ಕು ಮರ ನೆಟ್ಟು, ಕೂರಲು ಬೆಂಚು ಹಾಕಬಹುದು.

ಬುಲ್ಡೋಜರ್ ಆಗಲೇ ಬಂದು ಚಿತ್ರಮಂದಿರದ ಅಂಗಳದಲ್ಲಿ ನಿಂತಿತ್ತು. ಪುರಸಭೆಯ ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದರು. ಅವರ ಸಹಿ ಬಿದ್ದರೆ ಮುಗಿಯಿತು. ಬೆಂಕಿ ಎಲ್ಲಿಂದ ಹತ್ತಿತು, ಹೇಗೆ ನಡೆಯಿತು ಎಂದು ಹೇಳಬಲ್ಲ ನೆಲ, ಗೋಡೆ, ಬಾಗಿಲು ಎಲ್ಲವೂ ಲಾರಿ ಹತ್ತಿ ಹೋಗುತ್ತಿದ್ದವು. ಆಮೇಲೆ ಅಳಿಯನ ಪಾಲಿಗೆ ಉಳಿಯುವುದು ಪೊಲೀಸರ ಮಾತು ಮಾತ್ರ.

ಹೊಗೆಯಕ್ಕ ಎದ್ದಳು.

ಏಳುವಾಗ ಅಜ್ಜನ ಮಗಳು ಅವಳ ತೋಳನ್ನು ಹಿಡಿದೆಳೆದಳು. ಬೇಡ ಎಂಬಂತೆ ತಲೆಯಾಡಿಸಿದಳು. ದೊಡ್ಡವರೆದುರು ಬಾಯಿ ಬಿಡಲು ಹೆದರುವ ಜಾತಿಯ ಹುಡುಗಿ ಎಂದುಕೊಂಡು ಹೊಗೆಯಕ್ಕ ಆ ಕೈಯನ್ನು ಮೆತ್ತಗೆ ಬಿಡಿಸಿಕೊಂಡಳು.

“ಸಾರ್, ಒಂದು ಅನುಮಾನ,” ಎಂದಳು. “ನಾನು ಓದಿದವಳಲ್ಲ. ಸ್ವಲ್ಪ ಬಿಡಿಸಿ ಹೇಳ್ಬೇಕು.”

ಓದಿದವಳಲ್ಲ ಎಂಬುದು ಸುಳ್ಳು. ವಿಮಾ ಕಂಪನಿಯಲ್ಲಿ ಅರ್ಧ ಆಯುಷ್ಯ ಕಳೆದವಳು. ಸುಟ್ಟ ಗೋದಾಮು, ಸುಟ್ಟ ಲಾರಿ, ಸುಟ್ಟ ಮಗ್ಗ ನೋಡಿ, ಇದು ಹತ್ತಿದ ಬೆಂಕಿಯೋ ಹಚ್ಚಿದ ಬೆಂಕಿಯೋ ಎಂದು ಹೇಳುವುದು ಅವಳ ಕಸುಬು. ಕಂಪನಿ ಬಿಟ್ಟ ಮೇಲೆ ಅದೇ ಕಸುಬನ್ನು ಕೇಳಿದವರಿಗೆ ಮಾಡಿಕೊಡುತ್ತಿದ್ದಳು. ಬೂದಿ ಕೆದಕುವವರಿಗೆ ಜನ ಇನ್ನೇನು ಹೆಸರಿಟ್ಟಾರು? ಹೊಗೆಯಕ್ಕ ಎಂದರು. ಅವಳೂ ಓಗೊಟ್ಟಳು.

ಮೇಷ್ಟ್ರು ಕೇಳಿ ಎಂಬಂತೆ ಕಡ್ಡಿ ಆಡಿಸಿದರು.

ಈ ರಟ್ಟಿನ ಊರು ಇಲ್ಲಿ ಬಂದು ಕೂತದ್ದು ಯಾವಾಗ ಎಂದು ಕೇಳಿದಳು ಹೊಗೆಯಕ್ಕ. ಬೆಂಕಿ ಬೀಳುವುದಕ್ಕೆ ಮೊದಲೇ, ಜನ ನೋಡಲಿ ಎಂದು ಹಜಾರದ ಬಾಗಿಲು ಹಗಲೆಲ್ಲ ತೆಗೆದೇ ಇಟ್ಟಿದ್ದೆವು ಎಂದರು ಮೇಷ್ಟ್ರು. ಯಾರು ಬೇಕಾದರೂ ಬಂದು ನೋಡಬಹುದಿತ್ತೇ? ಬಹುದಿತ್ತು. ಆಗಲೂ ಮಂಚದ ಅಂಗಡಿಗೆ ಇದೇ ಬಣ್ಣವೇ? ಇದೇ ಬಣ್ಣ.

“ಬೂದು ಅಂದ್ರೆ?”

“ಖಾಲಿ. ವ್ಯಾಪಾರ ಇಲ್ಲ, ಒಳಗೆ ಯಾರೂ ಇಲ್ಲ ಅಂತ.”

ಅಂಗಡಿಯವರ ಸಾಲಿನಲ್ಲಿ ಸಣ್ಣ ಗುಜುಗುಜು ಎದ್ದಿತು. ಹೊಗೆಯಕ್ಕ ಅದು ಅಡಗಲಿ ಎಂದು ಕಾದಳು. ಕಥೆ ಹೇಳುವವರಿಗೆ ಗೊತ್ತು, ರಾಕ್ಷಸನ ಪ್ರಾಣ ಎಲ್ಲಿದೆ ಎಂದು ಹೇಳುವ ಮೊದಲು ಒಂದು ಗಳಿಗೆ ಸುಮ್ಮನಿರಬೇಕು.

ಆಮೇಲೆ ಅಧ್ಯಕ್ಷೆಯ ಕಡೆ ತಿರುಗಿ, ಮೇಡಂ, ಮೇಷ್ಟ್ರಿಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿರಬೇಕು ಎಂದು ಶುರುಮಾಡಿದಳು. ದೊಡ್ಡರಸ್ತೆಯನ್ನು ಅಗಲ ಮಾಡಿ ನಡುವೆ ಕಬ್ಬಿಣದ ಬೇಲಿ ಹಾಕಿದ ದಿನವೇ ಅಂಗಡಿಗಳ ಮುಖ ಸತ್ತಿತು. ಗಾಡಿ ನಿಲ್ಲಿಸಲು ಜಾಗವಿಲ್ಲ, ರಸ್ತೆ ದಾಟಲು ದಾರಿಯಿಲ್ಲ. ಅಂಗಡಿಯವರು ಏನು ಮಾಡಿದರು? ಮುಂದಿನ ಶಟರ್ ಎಳೆದು, ಹಿಂದಿನ ಗಲ್ಲಿಯ ಬಾಗಿಲು ತೆಗೆದರು. ಹಿಂದೆ ಅಡುಗೆಮನೆ ಇದ್ದಲ್ಲಿ ಕೌಂಟರ್ ಬಂತು, ಹಿತ್ತಿಲಲ್ಲಿ ಗಿರಾಕಿಗಳ ಗಾಡಿ ನಿಂತವು. ಮುಂದಿನಿಂದ ನೋಡಿದರೆ ಸ್ಮಶಾನ, ಹಿಂದಿನಿಂದ ಹೋದರೆ ಸಂತೆ.

“ಇಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು,” ಎಂದಳು. “ಟೋಪಿ ಹಾಕ್ಕೊಂಡು ಮುಂದಿನ ರಸ್ತೇಲಿ ಓಡಾಡಿ, ಶಟರ್ ಎಣಿಸಿ ಹೋದೋರಿಗೆ ಮಾತ್ರ ಗೊತ್ತಾಗ್ಲಿಲ್ಲ.”

ಟೈರಂಗಡಿಯವನು ಚಪ್ಪಾಳೆ ತಟ್ಟಲು ಕೈ ಎತ್ತಿದ. ಅದೇಕೋ ಮಧ್ಯದಲ್ಲೇ ಇಳಿಸಿದ. ಹೊಗೆಯಕ್ಕ ಅದನ್ನು ನೋಡಿದಳು, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈಗ ಬೆಂಕಿಯ ವಿಷಯ ಎಂದಳು. ಸುಟ್ಟ ಅಂಗಡಿಯನ್ನು ಅವಳು ಮಂಡಿಯೂರಿ ನೋಡಿದ್ದಳು. ಮುಂದಿನ ಶಟರಿನ ಒಳಬದಿಯ ಸಿಮೆಂಟು ನೆಲ ಹಪ್ಪಳದಂತೆ ಎದ್ದಿತ್ತು. ಶಟರಿನ ತಳದ ಪಟ್ಟಿಗಳು ಸುರುಟಿಕೊಂಡಿದ್ದವು, ಮೇಲಿನವು ಬರೀ ಕಪ್ಪಾಗಿದ್ದವು. ನೆಲದ ಬಿರುಕಿನಲ್ಲಿ, ಪಾಲಿಶ್‌ಗೆ ಬೆರೆಸುವ ಥಿನ್ನರಿನ ವಾಸನೆ ಇನ್ನೂ ಕೂತಿತ್ತು. ಯಾರೋ ರಸ್ತೆ ಬದಿಯಲ್ಲಿ ನಿಂತು, ಶಟರಿನ ಕೆಳಗಿನ ಸಂದಿಯಿಂದ ಥಿನ್ನರ್ ಹೊಯ್ದು ಬೆಂಕಿಕಡ್ಡಿ ಗೀರಿದ್ದರು.

ಹಿಂಬಾಗಿಲಿನ ಬಣ್ಣದಲ್ಲಿ ಮಾತ್ರ ಒಂದು ಗುಳ್ಳೆ ಕೂಡ ಎದ್ದಿರಲಿಲ್ಲ. ಬಾಗಿಲು ಹಾರು ಹೊಡೆದಿತ್ತು.

“ಕೊಲ್ಲೋಕೆ ಬಂದವನು ತಪ್ಪಿಸಿಕೊಳ್ಳೋ ಬಾಗಿಲು ತೆಗೆದಿಟ್ಟು ಹೋಗ್ತಾನಾ, ಮೇಡಂ? ಹೊರಗಿನಿಂದ ಚಿಲಕ ಹಾಕೋಕೆ ಎಷ್ಟು ಹೊತ್ತು?”

ಅಧ್ಯಕ್ಷೆಯ ಪೆನ್ನು ಕಾಗದದ ಮೇಲೇ ನಿಂತಿತ್ತು. ಹಾಗಾದರೆ ಅಜ್ಜ ಯಾಕೆ ಓಡಿಬರಲಿಲ್ಲ ಎಂದು ಕೇಳಿದರು.

ಊಟ ಆದ ಮೇಲೆ ಅಜ್ಜ ಮಲಗುತ್ತಿದ್ದದ್ದು ಮುಂದಿನ ಕೋಣೆಯಲ್ಲಿ, ಮಾರಾಟಕ್ಕಿಟ್ಟ ಜೋಡಿ ಮಂಚದ ಮೇಲೆ. ಶಟರ್ ಎಳೆದ ಕೋಣೆ ತಂಪು, ಕತ್ತಲು. ಫೋಮ್ ಹಾಸಿಗೆಗೆ ಬೆಂಕಿ ತಾಗಿದರೆ ಬರುವ ಹೊಗೆ ಮನುಷ್ಯನನ್ನು ಎಬ್ಬಿಸುವುದಿಲ್ಲ. ನಿದ್ದೆಯನ್ನೇ ಇನ್ನಷ್ಟು ಆಳಕ್ಕೆ ಒತ್ತುತ್ತದೆ. ಹೊಗೆಯಕ್ಕ ಇದನ್ನು ಹೇಳುವಾಗ ಮಗಳ ಕಡೆ ನೋಡಲಿಲ್ಲ.

ಈ ಮಧ್ಯಾಹ್ನದ ನಿದ್ದೆಯೂ ಗಲ್ಲಿಗೆಲ್ಲ ಗೊತ್ತಿದ್ದ ಸಂಗತಿ. ಅಜ್ಜನ ಗೊರಕೆ ಕೇಳಿ ಪಕ್ಕದ ಅಂಗಡಿಯವರು ಊಟಕ್ಕೆ ಏಳುತ್ತಿದ್ದರು ಎಂದು ತಮಾಷೆ ಇತ್ತು. ಅಳಿಯನಿಗಂತೂ ಗೊತ್ತೇ ಇತ್ತು. ಅವನು ದಿನವೂ ಹಿಂದಿನ ಕೋಣೆಯಲ್ಲಿ ಕುರ್ಚಿಗಳಿಗೆ ಪಾಲಿಶ್ ಹಾಕುತ್ತಿದ್ದವನು. ಅವನ ಅಂಗಿಯಲ್ಲಿ ಥಿನ್ನರ್ ವಾಸನೆ ಇತ್ತಂತೆ, ಪೊಲೀಸರಿಗೆ ಅದೇ ದೊಡ್ಡ ಸಾಕ್ಷಿ. ಬೇಕರಿಯವನ ಅಂಗಿಯಲ್ಲಿ ಹಿಟ್ಟು ಸಿಕ್ಕರೂ ಹಿಡಿದು ಒಳಗೆ ಹಾಕುವ ಜನ.

ಕೊನೆಯ ಮಾತನ್ನು ಅವಳು ಬಾಗಿಲ ಕಡೆ ಎಸೆದಳು. ಅಲ್ಲಿ ಇನ್‌ಸ್ಪೆಕ್ಟರ್ ಚೌಕಟ್ಟಿಗೆ ಒರಗಿ ಹಲ್ಲುಕಡ್ಡಿ ಆಡಿಸುತ್ತಿದ್ದ. ಮಾತು ತಾಗಿದ ಗುರುತು ಮುಖದ ಮೇಲೆ ಕಾಣಲಿಲ್ಲ. ಎಮ್ಮೆಯ ಮೇಲೆ ಬಿದ್ದ ಹನಿ.

“ಹಂಗಾಗಿ ಮೇಡಂ, ಬೆಂಕಿ ಇಟ್ಟವನು ಅಂಗಡಿ ಖಾಲಿ ಅಂತಲೇ ನಂಬಿದ್ದ,” ಎಂದಳು ಹೊಗೆಯಕ್ಕ. “ಈ ರಸ್ತೆಯವನಾದ್ರೆ ಹಂಗೆ ನಂಬೋಕೆ ಸಾಧ್ಯ ಇಲ್ಲ. ನಂಬಿದವನು ಹೊರಗಿನವನು. ಈ ಮೇಜಿನ ಮುಂದೆ ನಿಂತು, ಈ ಬೂದು ಬಣ್ಣ ನೋಡಿ ಹೋದವನು. ಅಳಿಯ ಅಲ್ಲ.”

ಸುಟ್ಟ ಅಂಗಡಿಯನ್ನು ಹಾಗೇ ಬಿಟ್ಟರೆ ತಾನು ಹೇಳಿದ್ದಷ್ಟನ್ನೂ ಬೇರೆ ಯಾರನ್ನಾದರೂ ಕರೆಸಿ ತಾಳೆ ನೋಡಬಹುದು ಎಂದಳು. ಗುಡಿಸಿದರೆ ಒಬ್ಬ ನಿರಪರಾಧಿಯನ್ನೂ ಅದೇ ಕಸದ ಜೊತೆ ಗುಡಿಸಿದ ಹಾಗೆ.

ಅಧ್ಯಕ್ಷೆ ಪೆನ್ನಿನ ಮುಚ್ಚಳ ಹಾಕಿದರು. ಆ ಚಿಕ್ಕ ಟಿಕ್ ಸದ್ದು ಹೊಗೆಯಕ್ಕನಿಗೆ ಅಳಿಯನ ಲಾಕಪ್ಪಿನ ಬೀಗ ತೆಗೆದ ಹಾಗೆ ಕೇಳಿಸಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಗೆದ್ದ ಜಟ್ಟಿ ಕಣದಿಂದ ಇಳಿಯಬೇಕು. ಸೋತವನ ಎದೆ ಮೇಲೆ ಕೂತು ಹಾಡು ಹೇಳಬಾರದು. ಆದರೆ ಮೇಷ್ಟ್ರು ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಏನೂ ಹೇಳದೆ ನಿಂತಿದ್ದರು. ಆ ಮೌನ ಅವಳಿಗೆ ಸಾಲದಾಯಿತು. ಅವರ ಬಾಯಿಂದ ತಪ್ಪಾಯಿತು ಎಂಬ ಮಾತು ಬರಬೇಕಿತ್ತು.

“ಹೇಳಿ ಸಾರ್. ಮಂಚದಂಗಡಿಗೆ ಬೂದು ಬಳಿದದ್ದು ಯಾರು?”

“ಅದನ್ನ ಕೇಳ್ಬೇಡಿ,” ಎಂದರು ಮೇಷ್ಟ್ರು.

“ಯಾಕೆ?”

“ಕೇಳಬಾರದು ಅನ್ನೋದಕ್ಕೆ ಕಾರಣ ಇದೆ. ಬಿಡಿ ಅದನ್ನ.”

ಅವರ ದನಿ ಇಳಿದಿತ್ತು. ಹೊಗೆಯಕ್ಕನಿಗೆ ಬೇಟೆಯ ವಾಸನೆ ಹತ್ತಿತು. ಕೇಳಬೇಡ ಎನ್ನುವವನಿಗೇ ಮುಚ್ಚಿಡಲು ಏನಾದರೂ ಇರುತ್ತದೆ. ಮಗಳು ಮತ್ತೆ ಅವಳ ತೋಳು ಹಿಡಿದಳು. ಈ ಸಲ ಉಗುರು ಚುಚ್ಚುವಷ್ಟು ಬಿಗಿಯಾಗಿ. ತಡಿಯಮ್ಮ ಎಂದು ಗದರಿ ಹೊಗೆಯಕ್ಕ ಆ ಕೈಯನ್ನು ಕಿತ್ತುಹಾಕಿದಳು.

ಹೇಳದಿದ್ದರೆ ನೀವೇ ಬಳಿದದ್ದು ಎಂದುಕೊಳ್ಳುತ್ತೇವೆ ಎಂದಳು. ಒಬ್ಬ ಮುದುಕನ ಸಾವಿಗೆ ದಾರಿ ತೋರಿಸಿದ ಕಡ್ಡಿ ಇದೇ ಎಂದುಕೊಳ್ಳುತ್ತೇವೆ. ಆಮೇಲೆ ಯಾವ ಊರಿಗೆ ಹೋದರೂ ಈ ಮಾತು ನಿಮಗಿಂತ ಮೊದಲೇ ಹೋಗಿ ಕೂತಿರುತ್ತದೆ.

ಅಧ್ಯಕ್ಷೆ ಕೂಡ, ಹೇಳಿಬಿಡಿ, ಇದು ಸಾವಿನ ವಿಷಯ ಎಂದರು.

ಮೇಷ್ಟ್ರು ಕಡ್ಡಿಯನ್ನು ಮೇಜಿನ ಮೇಲಿಟ್ಟರು. ಅವರ ಕೈ ಖಾಲಿಯಾದದ್ದನ್ನು ಆ ಊರಿನವರು ನೋಡಿದ್ದು ಅದೇ ಮೊದಲು. ಬರಿಗೈಯ ಮೇಷ್ಟ್ರು ಸ್ವಲ್ಪ ವಯಸ್ಸಾದವರಂತೆ, ದಣಿದವರಂತೆ ಕಂಡರು.

“ತಾಯಿ, ನೀವು ಈ ಮೇಜನ್ನ ಸರಿಯಾಗಿ ನೋಡಿದ್ರಾ?” ಎಂದು ಕೇಳಿದರು. “ಮಂಚದಂಗಡಿ ಪಕ್ಕದ್ದು ಟೈರಂಗಡಿ. ಯಾವ ಬಣ್ಣ?”

ಹೊಗೆಯಕ್ಕ ನೋಡಿದಳು. ಹಳದಿ.

“ಅದರ ಮುಂದಿನ ಶಟರ್ ಯಾವತ್ತಾದ್ರೂ ತೆಗೆದದ್ದು ಉಂಟಾ?”

ಇಲ್ಲ.

“ಈಚೆ ಕಡೆ ಲಾಂಡ್ರಿ. ಅದರಾಚೆ ಹೊಲಿಗೆ ಅಂಗಡಿ. ಮಿಕ್ಸಿ ರಿಪೇರಿ. ಎಲ್ಲದರ ಮುಂದಿನ ಶಟರೂ ತುಕ್ಕು ಹಿಡಿದಿದೆ. ಬಣ್ಣ ನೋಡಿ.”

ಹಳದಿ. ಹಳದಿ. ಹಳದಿ. ಇಡೀ ಸಾಲು ಮಾಗಿದ ನಿಂಬೆಹಣ್ಣಿನಂತೆ ನಗುತ್ತಿತ್ತು. ನಡುವೆ ಒಂದೇ ಒಂದು ಬೂದು ಹಲ್ಲು. ಇಷ್ಟು ದಿನ ಈ ಮೇಜಿನ ಸುತ್ತ ಮೂಗು ಮುರಿಯುತ್ತ ತಿರುಗಿದ್ದಳು. ಆ ಹಲ್ಲೊಂದನ್ನೇ ನೋಡಿದ್ದಳು, ಬಾಯಿಯನ್ನು ನೋಡಿರಲಿಲ್ಲ.

“ಹಿಂದಿನ ಗಲ್ಲಿ ನಮಗೆ ಮೊದಲ ದಿನವೇ ಗೊತ್ತಾಯ್ತು,” ಎಂದರು ಮೇಷ್ಟ್ರು. “ಪ್ರತಿ ಬಾಗಿಲಿಗೂ ಹೋದ್ವಿ. ಕೇಳದೆ ಒಂದಕ್ಕೂ ಬಣ್ಣ ಹಾಕಿಲ್ಲ.”

ಎಲ್ಲರೂ ಟೈರಂಗಡಿಯವನ ಕಡೆ ತಿರುಗಿದರು. ಅವನು ಕತ್ತು ತುರಿಸಿಕೊಂಡ. ಹೌದು ಹೊಗೆಯಕ್ಕ, ಬಂದಿದ್ದರು, ಹಿಂದಿನ ಬೆಂಚಲ್ಲಿ ಕೂತು ಟೀ ಕುಡಿದರು, ನಮ್ಮ ಟೀಯನ್ನ ಹೊಗಳಿದರು ಕೂಡ ಎಂದು ಒಪ್ಪಿಕೊಂಡ. ಮೊದಲೇ ಯಾಕೋ ಹೇಳಲಿಲ್ಲ ಎಂದು ಅವಳು ಹಲ್ಲು ಕಚ್ಚಿ ಕೇಳಿದಳು. ನೀವು ಬೈತಾ ಇದ್ದದ್ದು ಕೇಳೋಕೆ ಖುಷಿಯಾಗಿತ್ತು ಅಕ್ಕ ಎಂದ.

“ಮಂಚದಂಗಡಿ ಹಿಂಬಾಗಿಲಿಗೂ ಹೋಗಿದ್ವಿ,” ಎಂದರು ಮೇಷ್ಟ್ರು. “ಬಾಗಿಲಲ್ಲಿ ಒಬ್ಬರು ನಿಂತಿದ್ರು. ಅಂಗಡಿ ಮುಚ್ಚಿಹೋಗಿದೆ, ಒಳಗೆ ಯಾರೂ ಇಲ್ಲ, ಇನ್ನು ತೆಗೆಯೋದೂ ಇಲ್ಲ ಅಂದ್ರು. ಒಳಗೆ ಒಂದು ಸಲ ನೋಡ್ಬಹುದಾ ಅಂದೆ. ಬಾಗಿಲು ಹಾಕಿಕೊಂಡ್ರು. ಹೇಳಿದವರ ಗುರುತು ಹೊರಗೆ ಬಿಡೋದಿಲ್ಲ ಅಂತ ಮಾತು ಕೊಟ್ಟಿರ್ತೀವಿ ನಾವು, ಎಲ್ಲರಿಗೂ. ಅದಕ್ಕೇ ಕೇಳ್ಬೇಡಿ ಅಂದೆ.”

ಅವರು ಹೆಸರು ಹೇಳಲಿಲ್ಲ. ಕೈ ತೋರಿಸಲೂ ಇಲ್ಲ. ಮೂರನೇ ಸಾಲಿನ ಕಡೆ, ಹೊಗೆಯಕ್ಕನ ಪಕ್ಕಕ್ಕೆ, ಕ್ಷಮೆ ಕೇಳುವವರ ಹಾಗೆ ಒಮ್ಮೆ ನೋಡಿದರು, ಅಷ್ಟೇ.

ಹಜಾರದ ಕಣ್ಣುಗಳೆಲ್ಲ ಆ ನೋಟದ ಜಾಡು ಹಿಡಿದು ಬಂದವು.

ಮಗಳು ಎದ್ದು ನಿಂತಳು.

“ನಾನೇ ಹೇಳಿದ್ದು,” ಎಂದಳು.

ತಾನು ಇಷ್ಟು ಹೊತ್ತು ಕಟ್ಟಿದ ಗೋಡೆ ಯಾವ ಕಡೆ ಉರುಳುತ್ತದೆ ಎಂದು ಹೊಗೆಯಕ್ಕನಿಗೆ ಉಳಿದವರಿಗಿಂತ ಮೊದಲೇ ಕಂಡಿತು. ಅಂಗಡಿಯಲ್ಲಿ ಅಪ್ಪ ಇದ್ದಾನೆ ಎಂದು ಗೊತ್ತಿದ್ದೂ ಮಗಳು ಊರಿಗೆಲ್ಲ ಖಾಲಿ ಎಂದು ನಂಬಿಸುತ್ತಾಳೆ. ಗಂಡನ ಕೈಯಲ್ಲಿ ಥಿನ್ನರ್. ಬೆಂಕಿ ಬೀಳುತ್ತದೆ. ಅಯ್ಯೋ, ಖಾಲಿ ಅಂಗಡಿಗೆ ಯಾರೋ ಹೊರಗಿನವರು ಬೆಂಕಿ ಇಟ್ಟರು, ಪಾಪ, ಅಜ್ಜ ಒಳಗಿದ್ದದ್ದು ಅವರಿಗೆ ಗೊತ್ತಿರಲಿಲ್ಲ ಎಂದು ಒಬ್ಬ ಪತ್ತೇದಾರಿ ಹೆಂಗಸು ತುಂಬಿದ ಸಭೆಯಲ್ಲಿ ಎದೆ ತಟ್ಟಿ ಹೇಳುತ್ತಾಳೆ.

ಆ ಹೆಂಗಸನ್ನು ಗೊತ್ತುಮಾಡಿದವಳು ಯಾರು? ಮಗಳೇ.

ಹೊರಗಿನವರನ್ನು ಹಳಿಯುವ ಭರದಲ್ಲಿ, ತಾನು ಬಿಡಿಸಬೇಕಿದ್ದ ಅಳಿಯನ ಕುಣಿಕೆಯನ್ನು ತಾನೇ ಬಿಗಿದಿದ್ದಳು. ಬಿಗಿದದ್ದಲ್ಲದೆ ಅದರಲ್ಲಿ ಇನ್ನೊಂದು ಕುತ್ತಿಗೆಗೂ ಜಾಗ ಮಾಡಿದ್ದಳು.

ಅಧ್ಯಕ್ಷೆಯೂ ಅದನ್ನೇ ಯೋಚಿಸುತ್ತಿದ್ದರು. ಅವರ ಮುಖದಲ್ಲಿ ಮೊದಲು ಗೊಂದಲ, ಆಮೇಲೆ ಅಸಹ್ಯ ಹಾದುಹೋಯಿತು. ಹೆತ್ತ ಅಪ್ಪನ ವಿಷಯದಲ್ಲಿ ಯಾಕೆ ಹಾಗೆ ಹೇಳಿದೆ ಎಂದು ಕೇಳಿದರು. ಎರಡನೇ ಸಲ ಕೇಳಿದರು. ಮಗಳು ಕಿಂಡಿಯ ಮೇಲಿನ ಮಾಸಿದ ಬೋರ್ಡನ್ನು ನೋಡುತ್ತ ನಿಂತಳು.

ಅಧ್ಯಕ್ಷೆ ಪೆನ್ನಿನ ಮುಚ್ಚಳ ಮತ್ತೆ ತೆಗೆದರು. ಸಹಿಗೆ ಎರಡು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ.

ಹೊಗೆಯಕ್ಕ ಮೇಜಿಗೆ ಹೋಗಿ ಬಾಗಿದಳು. ಒಂದು ದಿನ ಕೊಡಿ ಮೇಡಂ ಎಂದಳು. ಈಗಷ್ಟೇ ಯಾರನ್ನು ತುಂಬಿದ ಸಭೆಯಲ್ಲಿ ಹಳಿದಿದ್ದಳೋ ಅವರ ಕಡೆಯೇ ತಿರುಗಿ, ನೀವಾದರೂ ಹೇಳಿ ಸಾರ್, ಮರ ನೆಡೋಕೆ ಒಂದು ದಿನ ತಡವಾದರೆ ರಸ್ತೆ ಓಡಿಹೋಗೋದಿಲ್ಲ ಎಂದಳು. ಕೇಳುವಾಗ ಅವಳ ಕಿವಿ ಬಿಸಿಯಾಗಿತ್ತು.

ಮೇಷ್ಟ್ರು ಸೇಡು ತೀರಿಸಿಕೊಳ್ಳಲಿಲ್ಲ. ಒಂದು ದಿನ ಅಲ್ಲ, ಒಂದು ವಾರ ಬೇಕಾದರೂ ನಿಲ್ಲಿಸಿ ಎಂದು ಅವರೂ ಕೇಳಿದರು. ಆದರೆ ಸಲಹೆ ಕೊಡುವವರ ಹಣೆಬರಹವೇ ಅಷ್ಟು. ಕೆಡವು ಎಂದರೆ ಕೂಡಲೇ ಕೇಳುತ್ತಾರೆ, ತಡಿ ಎಂದರೆ ಯಾರಿಗೂ ಕೇಳಿಸುವುದಿಲ್ಲ. ನಿಮ್ಮ ವರದಿಯ ಮೊದಲ ಪುಟದಲ್ಲೇ ಇದೆಯಲ್ಲ ಸಾರ್ ಎಂದು ಅಧ್ಯಕ್ಷೆ ಕಾಗದಗಳನ್ನು ಒಟ್ಟುಮಾಡಿಕೊಂಡು ಎದ್ದರು.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಬಾಗಿಲು ಬಿಟ್ಟು ಒಳಗೆ ಬಂದಿದ್ದ. ಅವಸರವೇನೂ ಇರಲಿಲ್ಲ ಅವನಿಗೆ. ಕುರ್ಚಿ ಸಾಲಿನ ನಡುವೆ ಮದುವೆ ಮನೆಯಲ್ಲಿ ಊಟಕ್ಕೆ ಕೂರಲು ಜಾಗ ಹುಡುಕುವವನ ಹಾಗೆ ನಡೆದುಬಂದ.

“ಬೂದಿ ಕೆದಕೋ ಕೆಲಸ ಮುಗೀತಾ, ಹೊಗೆಯಕ್ಕ?” ಎಂದ. “ನಂಗೆ ಇಷ್ಟು ಸಲೀಸಾಗಿ ಮಾಡಿಕೊಡ್ತೀರಿ ಅಂತ ಗೊತ್ತಿದ್ರೆ ಮೊದಲೇ ಕರೆಸ್ತಿದ್ದೆ.”

ಆಮೇಲೆ ಮಗಳಿಗೆ, ಸ್ಟೇಷನ್ನಿಗೆ ಬಂದು ಹೋಗಮ್ಮ, ನಾಲ್ಕು ಮಾತು ಕೇಳುವುದಿದೆ ಎಂದ. ಮಾತು ಮೆತ್ತಗಿತ್ತು. ಅವಳ ಮುಖದ ಬಣ್ಣ ಮಾತ್ರ ಪೂರ್ತಿ ಇಳಿಯಿತು. ಗಂಡನನ್ನು ಹಿಡಿದ ದಿನವೂ ಹೀಗೆ ಬಿಳಿಚಿಕೊಂಡಿರಲಿಲ್ಲ.

ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಇಷ್ಟು ದಿನ ಪಾಪ ಎಂದವರೇ ಈಗ ಮೈ ತಾಗೀತು ಎಂಬಂತೆ ಬಟ್ಟೆ ಎಳೆದುಕೊಂಡರು. ಅವನು ಮುಂದೆ, ಅವಳು ಹಿಂದೆ. ಹೊಗೆಯಕ್ಕ ಅವಳ ಪಕ್ಕಕ್ಕೆ ಹೋಗಿ ಹೆಜ್ಜೆ ಹಾಕಿದಳು.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆಂದಿದ್ದಳು. ಎರಡು ಸಲ ತೋಳು ಹಿಡಿದು ಎಳೆದದ್ದು ನೆನಪಾಗಿ ಆ ಪ್ರಶ್ನೆಯನ್ನು ನುಂಗಿದಳು.

“ಗಂಡ ಹೇಳ್ಕೊಟ್ಟನಾ?” ಎಂದಳು ಕೊನೆಗೆ, ಪಿಸುದನಿಯಲ್ಲಿ.

ಮಗಳು ತಲೆಯಾಡಿಸಿದಳು, ಇಲ್ಲವೆಂದು.

“ಅಪ್ಪ,” ಎಂದಳು.

ಮಗಳು ತುಟಿ ಅಲುಗದ ಹಾಗೆ, ಎದುರು ನೋಡುತ್ತಲೇ ಹೇಳುತ್ತ ಹೋದಳು. “ಯಾರು ಬಂದು ಕೇಳಿದ್ರೂ ಅಂಗಡಿ ಖಾಲಿ, ನಾನು ಇಲ್ಲಿಲ್ಲ ಅಂತ ಹೇಳು ಅಂದಿದ್ರು ಅಕ್ಕ. ಯಾಕೆ ಅಂತ ಹೇಳ್ಲಿಲ್ಲ. ಬಹಳ ಹೆದರಿದ್ರು. ಕೇಳ್ಕೊಂಡು ಬಂದದ್ದು ಇಬ್ಬರೇ. ಒಬ್ಬರು ಮೇಷ್ಟ್ರು.”

“ಇನ್ನೊಬ್ಬರು?”

ಅಂಗಳ ಬಂದಿತ್ತು. ಬಿಸಿಲು ಕಣ್ಣಿಗೆ ರಾಚಿತು. ಬುಲ್ಡೋಜರಿನ ನೆರಳಲ್ಲಿ ಪೊಲೀಸ್ ಜೀಪು ನಿಂತಿತ್ತು.

“ಬೆಂಕಿ ಬಿದ್ದ ದಿನ ಬೆಳಿಗ್ಗೆ ಬಂದ್ರು. ಹಿಂಬಾಗಿಲಿಗಲ್ಲ, ಮನೆಗೆ. ಯೂನಿಫಾರ್ಮು ಹಾಕಿರ್ಲಿಲ್ಲ. ಅವರಿಗೂ ಖಾಲಿ ಅಂತಲೇ ಹೇಳ್ದೆ.” ಅವಳು ಎದುರಿನ ಬೆನ್ನಿನ ಕಡೆ ಕಣ್ಣು ಹಾಯಿಸಿದಳು. “ಈಗ ನಮ್ಮ ಮುಂದೆ ನಡೀತಾ ಇರೋರು.”

ಇನ್‌ಸ್ಪೆಕ್ಟರ್ ತಿರುಗಿ ನಿಂತು, ಜೀಪಿನ ಹಿಂಬಾಗಿಲನ್ನು ತಾನೇ ತೆರೆದು ಹಿಡಿದ. ಹತ್ತಮ್ಮ ಎಂದ. ಅವಳು ಒಂದು ಕಾಲು ಮೇಲಿಟ್ಟು ಹೊಗೆಯಕ್ಕನ ಕಡೆ ನೋಡಿದಳು.

“ನಾನೂ ಬರ್ತೀನಿ,” ಎಂದು ಹೊಗೆಯಕ್ಕ ಬಾಗಿಲಿಗೆ ಕೈ ಹಾಕಿದಳು.

ಇನ್‌ಸ್ಪೆಕ್ಟರ್ ಆ ಕೈಯನ್ನು ಒಂದೊಂದೇ ಬೆರಳು ಹಿಡಿದು ನಿಧಾನವಾಗಿ ಬಿಡಿಸಿದ. ಮಗಳು ಒಳಗೆ ಕೂತೊಡನೆ ಬಾಗಿಲು ದೂಡಿ ಮುಚ್ಚಿದ.

“ಜಾಗ ಇಲ್ಲ,” ಎಂದು ತಾನು ಮುಂದಿನ ಸೀಟಿಗೆ ಹತ್ತಿದ.

ಜೀಪು ಹೊರಟಿತು. ಹಿಂದಿನ ಗಾಜಿನಲ್ಲಿ ಮಗಳೊಬ್ಬಳ ತಲೆ ಮಾತ್ರ ಕಾಣುತ್ತಿತ್ತು. ಅವಳ ಎರಡೂ ಪಕ್ಕದ ಸೀಟು ಖಾಲಿಯಿತ್ತು. ಅಂಗಳ ದಾಟಿದ ಜೀಪು ಸ್ಟೇಷನ್ನಿರುವ ಕಡೆಗೆ ತಿರುಗಲಿಲ್ಲ.